ಒಂದು ಮೈನಸ್ ಚಿಹ್ನೆಯ ಮೇಲೆ ನಿಂತ ಯಂತ್ರ

ಕತ್ತಲ ಕೋಣೆಯೊಳಗೆ ಒಂದು ತೆಳು ತಗಡು, ಅದರಲ್ಲಿ ಕೂದಲೆಳೆಗಿಂತ ಸಣ್ಣದೊಂದು ಸೀಳು. ಸೀಳಿನಿಂದ ಹಾದ ಬೆಳಕು ಎದುರಿನ ಪರದೆಯ ಮೇಲೆ ಹರಡಿ ಬೀಳುತ್ತದೆ. ಬೆಳಕು ಬಿದ್ದಿರುವ ಒಂದು ಜಾಗವನ್ನು ಗುರುತು ಮಾಡಿಕೊಳ್ಳಿ. ಈಗ ಮೊದಲ ಸೀಳಿಗೆ ತೀರಾ ಹತ್ತಿರದಲ್ಲಿ ಇನ್ನೊಂದು ಸೀಳು ತೆರೆಯಿರಿ. ಬೆಳಕಿಗೆ ಮೊದಲು ಒಂದು ದಾರಿಯಿತ್ತು, ಈಗ ಎರಡಾದವು. ಗುರುತು ಮಾಡಿದ ಜಾಗ ಇನ್ನಷ್ಟು ಬೆಳಗಬೇಕು ತಾನೇ? ಸರಿಯಾದ ಜಾಗವನ್ನು ಆರಿಸಿದ್ದರೆ ಅಲ್ಲಿ ಕಾಣುವುದು ಕತ್ತಲೆ! ದಾರಿ ಹೆಚ್ಚಾಯಿತು, ಬರುವುದೇ ನಿಂತಿತು!

ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಥಾಮಸ್ ಯಂಗ್ ಬೆಳಕಿನ ಈ ವರ್ತನೆಯನ್ನು ತೋರಿಸಿದಾಗ ಅದಕ್ಕೊಂದು ಸಮಾಧಾನವಿತ್ತು. ಬೆಳಕು ಅಲೆ, ಒಂದು ಅಲೆಯ ಏರು ಇನ್ನೊಂದರ ಇಳಿವಿನ ಮೇಲೆ ಬಿದ್ದರೆ ಎರಡೂ ಸಮವಾಗಿ ಅಳಿಸಿಹೋಗುತ್ತವೆ. ಇದಕ್ಕೆ ವ್ಯತಿಕರಣ ಎಂದು ಹೆಸರು. ಆದರೆ 1989ರಲ್ಲಿ ಜಪಾನಿನ ಹಿಟಾಚಿ ಪ್ರಯೋಗಾಲಯದಲ್ಲಿ ಅಕಿರಾ ತೊನೊಮುರಾ ಮತ್ತು ಸಂಗಡಿಗರು ಎಲೆಕ್ಟ್ರಾನುಗಳನ್ನು ಇಂಥದೇ ಎರಡು ದಾರಿಗಳತ್ತ ಒಂದಾದ ಮೇಲೆ ಒಂದರಂತೆ ಕಳಿಸಿ ನೋಡಿದರು. ಒಂದು ಹೊರಟು, ತಲುಪಿ, ಚುಕ್ಕೆಯಾದ ಮೇಲಷ್ಟೇ ಇನ್ನೊಂದು. ಮೊದಲು ಚುಕ್ಕೆಗಳು ಎಲ್ಲೆಂದರಲ್ಲಿ ಬಿದ್ದವು. ಸಾವಿರಾರು ಚುಕ್ಕೆಗಳು ಕೂಡಿದ ಮೇಲೆ ಪರದೆಯ ಮೇಲೆ ಮೂಡಿದ್ದು ಬೆಳಕು ಮೂಡಿಸುವಂಥದೇ ಪಟ್ಟೆಗಳು: ಒಂದು ದಟ್ಟ, ಒಂದು ಖಾಲಿ, ಮತ್ತೆ ದಟ್ಟ, ಮತ್ತೆ ಖಾಲಿ! ಒಂಟಿಯಾಗಿ ಹೊರಟ ಎಲೆಕ್ಟ್ರಾನನ್ನು ಯಾರು ತಡೆದರು? ಅದರ ಜೊತೆ ಇನ್ನೊಂದು ಇರಲೇ ಇಲ್ಲವಲ್ಲ! ಅದು ಆ ಖಾಲಿ ಜಾಗಕ್ಕೆ ತಲುಪಲು ಇದ್ದ ಎರಡು ಸಾಧ್ಯತೆಗಳೇ ಒಂದನ್ನೊಂದು ಅಳಿಸಿಹಾಕಿದ್ದವು. 1999ರಲ್ಲಿ ವಿಯೆನ್ನಾದಲ್ಲಿ ಆಂಟನ್ ಝೈಲಿಂಗರ್ ತಂಡ ಅರವತ್ತು ಇಂಗಾಲದ ಪರಮಾಣುಗಳಿರುವ ಇಡೀ ಅಣುವಿನಲ್ಲೂ ಇದನ್ನೇ ಕಂಡಿತು.

ನಮ್ಮ ದಿನನಿತ್ಯದ ಲೋಕದಲ್ಲಿ ಸಾಧ್ಯತೆಗಳು ಕೂಡುತ್ತವೆ, ಅಷ್ಟೇ. ಮಳೆ ಬರಲು ಎರಡು ಕಾರಣಗಳಿದ್ದರೆ ಮಳೆಯ ಸಂಭವ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಪ್ರಕೃತಿಯ ತಳದಲ್ಲಿ ಹಾಗಲ್ಲ. ಅಲ್ಲಿ ಸಾಧ್ಯತೆಗೆ ಪ್ಲಸ್ ಇದೆ, ಮೈನಸ್ ಕೂಡ ಇದೆ! ಕ್ವಾಂಟಮ್ ಕಂಪ್ಯೂಟರ್ ಎಂಬ ಯಂತ್ರದ ಇಡೀ ಬೆರಗು ಈ ಒಂದು ಮೈನಸ್ ಚಿಹ್ನೆಯೊಳಗಿದೆ. ಅದನ್ನು ಹಿಡಿದುಕೊಂಡರೆ ಸಾಕು, ಉಳಿದ ಬಾಗಿಲುಗಳು ತಾವಾಗಿ ತೆರೆದುಕೊಳ್ಳುತ್ತವೆ.

ಎರಡು ಸಲ ಚಿಮ್ಮಿದರೆ ಏನಾಗುತ್ತದೆ?

ಒಂದು ನಾಣ್ಯ ತೆಗೆದುಕೊಳ್ಳಿ. ಚಿಮ್ಮಿ: ತಲೆ ಬೀಳುವ ಸಂಭವ ಅರ್ಧ, ಬಾಲ ಬೀಳುವ ಸಂಭವ ಅರ್ಧ. ಬಿದ್ದದ್ದನ್ನು ನೋಡದೆ ಇನ್ನೊಮ್ಮೆ ಚಿಮ್ಮಿ. ಆಗಲೂ ಅರ್ಧ, ಅರ್ಧ. ನೂರು ಸಲ ಚಿಮ್ಮಿದರೂ ಅಷ್ಟೇ. ಒಮ್ಮೆ ಕಲಸಿದ್ದನ್ನು ಮತ್ತೆ ಮತ್ತೆ ಕಲಸಿ ಮೊದಲಿನಂತೆ ಮಾಡಲಾಗದು.

ಈಗ ನಾಣ್ಯದ ಜಾಗದಲ್ಲಿ ಒಂದು ಕ್ಯೂಬಿಟ್ ಇಡೋಣ. ಸಾಮಾನ್ಯ ಕಂಪ್ಯೂಟರಿನ ಬಿಟ್‌ಗೆ 0 ಮತ್ತು 1 ಎಂಬ ಎರಡೇ ಸ್ಥಿತಿಗಳಿರುವಂತೆ, ಕ್ಯೂಬಿಟ್ಟನ್ನು ಅಳೆದಾಗಲೂ ಸಿಗುವುದು 0 ಇಲ್ಲವೇ 1. ಆದರೆ ಅಳೆಯುವ ಮುನ್ನ ಅದು ಎರಡು ಸಂಖ್ಯೆಗಳನ್ನು ಹೊತ್ತಿರುತ್ತದೆ: 0ಕ್ಕೊಂದು, 1ಕ್ಕೊಂದು. ಈ ಸಂಖ್ಯೆಗಳ ಹೆಸರು ಆಂಪ್ಲಿಟ್ಯೂಡ್. ಆಂಪ್ಲಿಟ್ಯೂಡನ್ನು ವರ್ಗ ಮಾಡಿದರೆ ಸಂಭವನೀಯತೆ ಸಿಗುತ್ತದೆ. ವರ್ಗ ಮಾಡಿದಾಗ ಮೈನಸ್ ಮಾಯವಾಗುವುದರಿಂದ ಅಳತೆಯಲ್ಲಿ ಅದು ಎಂದೂ ಕಾಣಿಸದು. ಆದರೆ ಒಳಗೆ ಇದ್ದೇ ಇರುತ್ತದೆ.

ಕ್ಯೂಬಿಟ್ಟನ್ನು ಚಿಮ್ಮುವ ಕ್ರಿಯೆಗೆ ಹ್ಯಾಡಮಾರ್ಡ್ ಗೇಟ್ ಎನ್ನುತ್ತಾರೆ. ಅದರ ನಿಯಮ ಒಂದು ಸಾಲಿನದು. 0ಯಿಂದ ಹೊರಟರೆ 0ಗೂ 1ಕ್ಕೂ ತಲಾ +0.707, 1ರಿಂದ ಹೊರಟರೆ 0ಗೆ +0.707, 1ಕ್ಕೆ −0.707. ಈ 0.707 ಅಂದರೆ 2ರ ವರ್ಗಮೂಲದಿಂದ 1ನ್ನು ಭಾಗಿಸಿದರೆ ಬರುವ ಸಂಖ್ಯೆ. ಅದರ ವರ್ಗ ಅರ್ಧ. ಹಾಗಾಗಿ ಒಮ್ಮೆ ಚಿಮ್ಮಿ ಅಳೆದರೆ ನಾಣ್ಯದ ಹಾಗೆಯೇ ಅರ್ಧ, ಅರ್ಧ. ಏನೂ ವಿಶೇಷವಿಲ್ಲ.

ಅಳೆಯದೆ ಎರಡನೇ ಸಲ ಚಿಮ್ಮಿ! 0ಯಿಂದ ಹೊರಟ ಕ್ಯೂಬಿಟ್ 1ಕ್ಕೆ ತಲುಪಲು ಎರಡು ದಾರಿಗಳಿವೆ. 0, 0, 1 ಎಂಬುದು ಒಂದು ದಾರಿ. ಅದರ ಆಂಪ್ಲಿಟ್ಯೂಡ್ 0.707ನ್ನು 0.707ರಿಂದ ಗುಣಿಸಿದರೆ ಬರುವ +0.5. 0, 1, 1 ಎಂಬುದು ಇನ್ನೊಂದು, ಅದರದ್ದು −0.5. ಕೂಡಿಸಿ ನೋಡಿ: ಸೊನ್ನೆ! 1 ಸಿಗುವ ಸಾಧ್ಯತೆಯೇ ಅಳಿಸಿಹೋಯಿತು. 0ಗೆ ತಲುಪುವ ಎರಡು ದಾರಿಗಳೋ, ಎರಡೂ +0.5, ಕೂಡಿದರೆ ಪೂರಾ 1. ಕಲಸಿದ್ದನ್ನು ಇನ್ನೊಮ್ಮೆ ಕಲಸಿದರೆ ಕ್ಯೂಬಿಟ್ ಖಚಿತವಾಗಿ 0ಗೇ ಮರಳಿತು! ಯಾವ ನಾಣ್ಯವೂ ಮಾಡಲಾರದ ಕೆಲಸವಿದು. ಮೊದಲ ಚಿಮ್ಮುವಿಕೆಯ ನಂತರ ಕ್ಯೂಬಿಟ್ ‘0 ಅಥವಾ 1, ನಮಗೆ ಗೊತ್ತಿಲ್ಲ’ ಎಂಬ ಸ್ಥಿತಿಯಲ್ಲಿ ಇರಲಿಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಹಾಗಿದ್ದಿದ್ದರೆ ಅದು ನಾಣ್ಯದಂತೆಯೇ ನಡೆದುಕೊಳ್ಳುತ್ತಿತ್ತು. ಎರಡೂ ಸಾಧ್ಯತೆಗಳು ಚಿಹ್ನೆಗಳ ಸಮೇತ ಒಟ್ಟಿಗೆ ಬದುಕಿದ್ದವು. ಸೂಪರ್‌ಪೊಸಿಷನ್ ಎಂಬುದು ಇದಕ್ಕೇ.

ಬೆಂಗಳೂರಿನಲ್ಲಿ ಸಿಕ್ಕ ಗುಟ್ಟು

ಚಿಹ್ನೆ ಬದಲಾಗುವುದಾದರೂ ಹೇಗೆ? ಇಲ್ಲಿ ಕಥೆ ನೇರವಾಗಿ ಬೆಂಗಳೂರಿಗೆ ಬರುತ್ತದೆ, ರೋಮಾಂಚನವಾಗುವಂತೆ ಬರುತ್ತದೆ!

1956. ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಸೋದರಳಿಯ, ಇಪ್ಪತ್ತೆರಡರ ಹುಡುಗ ಎಸ್. ಪಂಚರತ್ನಂ, ಹರಳುಗಳೊಳಗೆ ಧ್ರುವೀಕೃತ ಬೆಳಕು ಹೇಗೆ ಹಾಯುತ್ತದೆಂದು ನೋಡುತ್ತಿದ್ದರು. ಬೆಳಕಿನ ಧ್ರುವೀಕರಣದ ಪ್ರತಿಯೊಂದು ಸ್ಥಿತಿಯನ್ನೂ ಒಂದು ಗೋಳದ ಮೇಲಿನ ಬಿಂದುವಾಗಿ ಗುರುತಿಸಬಹುದು. ಬೆಳಕನ್ನು ಆ ಗೋಳದ ಮೇಲೆ ಒಂದು ಬಿಂದುವಿನಿಂದ ಇನ್ನೊಂದಕ್ಕೆ, ಅಲ್ಲಿಂದ ಮೂರನೆಯದಕ್ಕೆ ಒಯ್ದು ಮತ್ತೆ ಹೊರಟಲ್ಲಿಗೇ ತಂದರೆ? ಬೆಳಕು ಮೊದಲಿನ ಸ್ಥಿತಿಗೇ ಬಂದಿರುತ್ತದೆ, ಆದರೆ ಅದರ ಅಲೆ ಸರಿದಿರುತ್ತದೆ! ಎಷ್ಟು ಸರಿದಿರುತ್ತದೆ? ಗೋಳದ ಮೇಲೆ ಅದು ಸುತ್ತುವರಿದ ವಿಸ್ತೀರ್ಣದ ಸರಿಯಾಗಿ ಅರ್ಧದಷ್ಟು. ಅಲೆ ಹೀಗೆ ಸರಿಯುವುದಕ್ಕೆ ಫೇಸ್ ಬದಲಾವಣೆ ಎನ್ನುತ್ತಾರೆ. ಅರ್ಧ ಗೋಳವನ್ನೇ ಸುತ್ತುವರಿದು ಬಂದರೆ ಏರು ಇದ್ದಲ್ಲಿ ಇಳಿವು ಬರುತ್ತದೆ, ಪ್ಲಸ್ ಇದ್ದಲ್ಲಿ ಮೈನಸ್ ಬರುತ್ತದೆ!

ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಪತ್ರಿಕೆಯಲ್ಲಿ ಅಚ್ಚಾದ ಆ ಬರಹ ಮೂರು ದಶಕ ಹೆಚ್ಚುಕಡಿಮೆ ಮರೆವಿನಲ್ಲೇ ಇತ್ತು. 1984ರಲ್ಲಿ ಬ್ರಿಸ್ಟಲ್‌ನ ಮೈಕೆಲ್ ಬೆರಿ ಇದೇ ತತ್ವವನ್ನು ಕ್ವಾಂಟಮ್ ಲೋಕಕ್ಕೆಲ್ಲ ಅನ್ವಯವಾಗುವಂತೆ ಕಂಡುಹಿಡಿದರು. ಎಸ್. ರಾಮಶೇಷನ್ ಮತ್ತು ರಾಜಾರಾಂ ನಿತ್ಯಾನಂದ 1986ರಲ್ಲಿ ಬೆಂಗಳೂರಿನ ‘ಕರೆಂಟ್ ಸೈನ್ಸ್’ನಲ್ಲಿ ಪಂಚರತ್ನಂ ಅವರ ಕೆಲಸವನ್ನು ಎತ್ತಿ ತೋರಿಸಿದರು, ಮರುವರ್ಷವೇ ಬೆರಿ ಅದರ ಹಿರಿಮೆಯನ್ನು ಜಗತ್ತಿಗೆ ಸಾರಿದರು. ಅಷ್ಟರಲ್ಲಿ ಪಂಚರತ್ನಂ ತೀರಿಕೊಂಡು ಎಷ್ಟೋ ಕಾಲವಾಗಿತ್ತು. 1969ರಲ್ಲಿ, ಮೂವತ್ತೈದನೇ ವಯಸ್ಸಿನಲ್ಲಿ, ಆಕ್ಸ್‌ಫರ್ಡ್‌ನಲ್ಲಿ ಅವರು ಅಸುನೀಗಿದ್ದರು.

ಈಗ ಯಾವುದೇ ಕ್ವಾಂಟಮ್ ಕಂಪ್ಯೂಟಿಂಗ್ ಪಠ್ಯಪುಸ್ತಕ ತೆರೆಯಿರಿ. ಕ್ಯೂಬಿಟ್ಟಿನ ಸ್ಥಿತಿಯನ್ನು ವಿವರಿಸಲು ಸಾಮಾನ್ಯವಾಗಿ ಆರಂಭದಲ್ಲೇ ಒಂದು ಗೋಳದ ಚಿತ್ರ ಇರುತ್ತದೆ. ಗಣಿತದಲ್ಲಿ ಅದು ಪಂಚರತ್ನಂ ಬಳಸಿದ ಗೋಳವೇ! 2003ರಲ್ಲಿ ಅಮೆರಿಕದ ಕೊಲರಾಡೊದಲ್ಲಿ ಎರಡು ಬೆರಿಲಿಯಂ ಅಯಾನುಗಳನ್ನು ಕ್ಯೂಬಿಟ್ಟುಗಳಾಗಿಸಿ ನಡೆಸಿದ ಗೇಟ್ ಒಂದು, ಹೀಗೆ ಸುತ್ತಿ ಬಂದು ಗಳಿಸುವ ಫೇಸ್‌ನಿಂದಲೇ ಕೆಲಸ ಮಾಡಿತು. ಇನ್ನೊಂದು ಬೆರಗು ಕೇಳಿ: 1975ರಲ್ಲಿ ಯುರೋಪಿನ ಒಂದು ತಂಡ, ಅಮೆರಿಕದ ಒಂದು ತಂಡ ನ್ಯೂಟ್ರಾನುಗಳನ್ನು ಕಾಂತಕ್ಷೇತ್ರದಲ್ಲಿ ಪೂರ್ತಿ 360 ಡಿಗ್ರಿ ತಿರುಗಿಸಿ ನೋಡಿದವು. ಒಂದು ಪೂರ್ತಿ ಸುತ್ತು ತಿರುಗಿದ ನ್ಯೂಟ್ರಾನು ಮೊದಲಿನಂತಾಗಲಿಲ್ಲ, ಅದಕ್ಕೊಂದು ಮೈನಸ್ ಅಂಟಿಕೊಂಡಿತ್ತು! ಮೊದಲಿನಂತಾಗಲು ಇನ್ನೂ ಒಂದು ಸುತ್ತು ಬೇಕಾಯಿತು, ಒಟ್ಟು 720 ಡಿಗ್ರಿ. ನಾವೆಲ್ಲ ಆಗಿರುವುದು ಇಂಥ ಕಣಗಳಿಂದಲೇ!

ಲೆಕ್ಕಕ್ಕೆ ಸಿಗದಷ್ಟು ಸಂಖ್ಯೆಗಳು

ಒಂದು ಕ್ಯೂಬಿಟ್‌ಗೆ ಎರಡು ಆಂಪ್ಲಿಟ್ಯೂಡ್. ಎರಡು ಕ್ಯೂಬಿಟ್‌ಗೆ ನಾಲ್ಕು: 00, 01, 10, 11. ಮೂರಕ್ಕೆ ಎಂಟು. ಒಂದೊಂದು ಕ್ಯೂಬಿಟ್ ಸೇರಿದಾಗಲೂ ಸಂಖ್ಯೆ ಇಮ್ಮಡಿ. ಹತ್ತಕ್ಕೆ 1,024, ಇಪ್ಪತ್ತಕ್ಕೆ ಹತ್ತು ಲಕ್ಷ ದಾಟಿತು, ಮೂವತ್ತಕ್ಕೆ ನೂರು ಕೋಟಿ ದಾಟಿತು, ಐವತ್ತಕ್ಕೆ 1,125 ಲಕ್ಷ ಕೋಟಿ! ಮುನ್ನೂರು ಕ್ಯೂಬಿಟ್ಟುಗಳಿದ್ದರೆ? ನಮಗೆ ಕಾಣುವ ಇಡೀ ವಿಶ್ವದಲ್ಲಿರುವ ಪರಮಾಣುಗಳ ಅಂದಾಜು ಸಂಖ್ಯೆಯನ್ನೂ ಮೀರಿದಷ್ಟು ಆಂಪ್ಲಿಟ್ಯೂಡುಗಳು! ಪರಮಾಣುವಿಗೊಂದರಂತೆ ಬರೆದಿಡೋಣವೆಂದರೂ ವಿಶ್ವ ಸಾಲದು. ಹೀಗೆ ಇಡೀ ಗುಂಪಿಗೆ ಸೇರಿ ಆಂಪ್ಲಿಟ್ಯೂಡ್ ಇರುವಾಗ, ಒಂದು ಕ್ಯೂಬಿಟ್ಟಿನ ಸ್ಥಿತಿಯನ್ನು ಇನ್ನೊಂದನ್ನು ಬಿಟ್ಟು ಹೇಳಲಾಗದಷ್ಟು ಅವು ಹೆಣೆದುಕೊಂಡಿರಬಹುದು. 1935ರಲ್ಲಿ ಶ್ರೋಡಿಂಗರ್ ಇದಕ್ಕೆ ಎಂಟ್ಯಾಂಗಲ್‌ಮೆಂಟ್ ಎಂದು ಹೆಸರಿಟ್ಟರು. ಆ ಹೆಣಿಗೆ ನಿಜವೆಂದು ಪ್ರಯೋಗಗಳಲ್ಲಿ ತೋರಿಸಿದ ಅಲೆನ್ ಆಸ್ಪೆ, ಜಾನ್ ಕ್ಲಾಸರ್, ಆಂಟನ್ ಝೈಲಿಂಗರ್ ಅವರಿಗೆ 2022ರ ನೊಬೆಲ್ ಬಂತು.

ಈ ಅಗಾಧತೆ ಮೊದಲಿಗೆ ತಲೆನೋವಾಗಿ ಎದುರಾಗಿತ್ತು. ಒಂದು ಅಣುವಿನ ಎಲೆಕ್ಟ್ರಾನುಗಳ ವರ್ತನೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಹೊರಟರೆ ಸಂಖ್ಯೆಗಳು ಇಮ್ಮಡಿಸುತ್ತ ಹೋಗಿ ಯಂತ್ರ ಕೈಚೆಲ್ಲುತ್ತಿತ್ತು. 1981ರ ಮೇ ತಿಂಗಳಲ್ಲಿ ಅಮೆರಿಕದ ಎಂಐಟಿ ನಡೆಸಿದ ಸಮ್ಮೇಳನವೊಂದರಲ್ಲಿ ರಿಚರ್ಡ್ ಫೈನ್‌ಮನ್ ಆ ತಲೆನೋವನ್ನೇ ತಿರುಗಿಸಿ ಹಿಡಿದರು. ಪ್ರಕೃತಿ ಕ್ವಾಂಟಮ್ ನಿಯಮದಲ್ಲಿ ನಡೆಯುವುದಾದರೆ, ಅದನ್ನು ಅನುಕರಿಸುವ ಯಂತ್ರವನ್ನೂ ಕ್ವಾಂಟಮ್ ನಿಯಮದಲ್ಲೇ ಏಕೆ ಕಟ್ಟಬಾರದು? 1985ರಲ್ಲಿ ಆಕ್ಸ್‌ಫರ್ಡ್‌ನ ಡೇವಿಡ್ ಡಾಯ್ಚ್, ಅಂಥ ಯಂತ್ರ ಯಾವ ಲೆಕ್ಕವನ್ನಾದರೂ ಮಾಡಬೇಕಾದರೆ ಹೇಗಿರಬೇಕೆಂದು ಗಣಿತದಲ್ಲಿ ಬರೆದು ತೋರಿಸಿದರು.

ಇಲ್ಲೊಂದು ತಿರುವಿದೆ, ಇದನ್ನು ದಾಟದೆ ಮುಂದೆ ಹೋಗಬೇಡಿ. ‘ಕ್ವಾಂಟಮ್ ಕಂಪ್ಯೂಟರ್ ಎಲ್ಲ ಉತ್ತರಗಳನ್ನೂ ಒಮ್ಮೆಗೇ ಪರೀಕ್ಷಿಸಿ ಸರಿಯಾದದ್ದನ್ನು ಕೊಡುತ್ತದೆ’ ಎಂದು ಎಲ್ಲೆಡೆ ಹೇಳುತ್ತಾರೆ. ಅದು ಅರ್ಧ ಸತ್ಯ. ಲಕ್ಷ ಕೋಟಿ ಆಂಪ್ಲಿಟ್ಯೂಡುಗಳು ಒಳಗೆ ಇರುವುದೇನೋ ಹೌದು. ಆದರೆ ಅಳೆದ ಕ್ಷಣ ಕೈಗೆ ಬರುವುದು ಒಂದೇ ಒಂದು ಉತ್ತರ, ಅದೂ ಯಾವುದೋ ಒಂದು. ಉಳಿದದ್ದೆಲ್ಲ ಹೋಯಿತು! ಸುಮ್ಮನೆ ಎಲ್ಲವನ್ನೂ ಒಟ್ಟಿಗೆ ಹಾಕಿ ಅಳೆದರೆ ಚೀಟಿ ಎತ್ತಿದ್ದಕ್ಕಿಂತ ಹೆಚ್ಚೇನೂ ಆಗುವುದಿಲ್ಲ. ಹಾಗಾದರೆ ಲಾಭವೆಲ್ಲಿ? ಅಳೆಯುವ ಮುನ್ನ ತಪ್ಪು ಉತ್ತರಗಳಿಗೆ ಹೋಗುವ ದಾರಿಗಳು ಪ್ಲಸ್, ಮೈನಸ್ ಆಗಿ ಒಂದನ್ನೊಂದು ಕೊಂದುಕೊಳ್ಳಬೇಕು. ಸರಿಯಾದ ಉತ್ತರದ ದಾರಿಗಳು ಎಲ್ಲ ಪ್ಲಸ್ ಆಗಿ ಕೂಡಬೇಕು. ಸರಿಯುತ್ತರ ಯಾವುದೆಂದು ನಮಗೇ ಗೊತ್ತಿಲ್ಲದಿದ್ದರೂ ಹಾಗಾಗುವಂತೆ ಗೇಟುಗಳನ್ನು ಜೋಡಿಸಬೇಕು! ಕ್ವಾಂಟಮ್ ಅಲ್ಗಾರಿದಂ ಎಂಬ ಅದ್ಭುತ ಕಲೆ ಇದೇ.

7, 4, 13, 1

ಆ ಕಲೆಯ ಮಹಾಕೃತಿ ಹುಟ್ಟಿದ್ದು 1994ರಲ್ಲಿ. ಪೆನ್ಸಿಲು ಹಿಡಿದು ಜೊತೆಗೆ ಬನ್ನಿ, ಐದನೇ ಕ್ಲಾಸಿನ ಗಣಿತ ಸಾಕು.

15 ಯಾವ ಎರಡು ಸಂಖ್ಯೆಗಳ ಗುಣಲಬ್ಧ? 3 ಮತ್ತು 5 ಎಂದು ಗೊತ್ತು, ಗೊತ್ತಿಲ್ಲದವರಂತೆ ಹುಡುಕೋಣ. 7ನ್ನು ತೆಗೆದುಕೊಳ್ಳಿ. ಅದನ್ನು 7ರಿಂದಲೇ ಗುಣಿಸುತ್ತ, ಪ್ರತಿಸಲ 15ರಿಂದ ಭಾಗಿಸಿ ಶೇಷ ಬರೆಯುತ್ತ ಹೋಗಿ. ಮೊದಲು 7. ಆಮೇಲೆ 49, ಶೇಷ 4. ಆ 4ನ್ನು 7ರಿಂದ ಗುಣಿಸಿದರೆ 28, ಶೇಷ 13. ಅದನ್ನು 7ರಿಂದ ಗುಣಿಸಿದರೆ 91, ಶೇಷ 1. ಮುಂದೆ ಮತ್ತೆ 7, 4, 13, 1. ಮತ್ತೆ 7, 4, 13, 1! ನಾಲ್ಕು ಹೆಜ್ಜೆಗೊಮ್ಮೆ ಮರುಕಳಿಸುವ ತಾಳ. ಈ ನಾಲ್ಕರ ಅರ್ಧ ಎರಡು. 7ರ ವರ್ಗ 49. ಅದರ ಹಿಂದಿನ ಸಂಖ್ಯೆ 48, ಮುಂದಿನದು 50. 48 ಮತ್ತು 15ರ ಮಹತ್ತಮ ಸಾಮಾನ್ಯ ಅಪವರ್ತನ 3. 50 ಮತ್ತು 15ರದ್ದು 5. ಸಿಕ್ಕಿತು! ಸಂಖ್ಯೆಯೊಂದರ ಒಳಗಿನ ಅಪವರ್ತನಗಳ ಗುಟ್ಟು ಅದರ ಶೇಷಗಳ ತಾಳದಲ್ಲಿ ಅಡಗಿತ್ತು!

ಆರುನೂರು ಅಂಕಿಗಳ ಸಂಖ್ಯೆಗೂ ಈ ವಿಧಾನ ನಡೆಯುತ್ತದೆ. ತೊಂದರೆಯೆಂದರೆ ಅಲ್ಲಿ ತಾಳ ನಾಲ್ಕು ಹೆಜ್ಜೆಯದಲ್ಲ. ಅದರ ಉದ್ದವೇ ನೂರಾರು ಅಂಕಿಗಳಷ್ಟಿರಬಹುದು. ಸಾಮಾನ್ಯ ಕಂಪ್ಯೂಟರ್ ಒಂದೊಂದೇ ಹೆಜ್ಜೆ ಎಣಿಸಿದರೆ ವಿಶ್ವದ ವಯಸ್ಸೂ ಸಾಲದು. ಅಮೆರಿಕದ ಬೆಲ್ ಲ್ಯಾಬ್ಸ್‌ನ ಪೀಟರ್ ಶೋರ್ ಕಂಡದ್ದು ಏನೆಂದರೆ, ಎಲ್ಲ ಹೆಜ್ಜೆಗಳನ್ನೂ ಸೂಪರ್‌ಪೊಸಿಷನ್‌ನಲ್ಲಿಟ್ಟು ವ್ಯತಿಕರಣಕ್ಕೆ ಒಡ್ಡಿದರೆ, ತಾಳಕ್ಕೆ ಹೊಂದದ ಸಾಧ್ಯತೆಗಳೆಲ್ಲ ಒಂದನ್ನೊಂದು ಅಳಿಸಿಹಾಕುತ್ತವೆ, ಹೊಂದುವವು ಮಾತ್ರ ಉಳಿಯುತ್ತವೆ! ಆ ವಸಂತದಲ್ಲಿ ಅವರು ಇದಕ್ಕೆ ಹತ್ತಿರದ ಇನ್ನೊಂದು ಲೆಕ್ಕದ ಬಗ್ಗೆ ಬೆಲ್ ಲ್ಯಾಬ್ಸ್‌ನಲ್ಲಿ ಮಾತಾಡಿದ್ದರು. ಕೆಲವೇ ದಿನಗಳಲ್ಲಿ ಬರ್ಕ್ಲಿಯ ಉಮೇಶ್ ವಝಿರಾನಿ ಅವರ ಫೋನು ಬಂತು: ಅಪವರ್ತನದ ಲೆಕ್ಕವನ್ನೇ ಬಿಡಿಸಿದ್ದೀರಂತೆ? ಸುದ್ದಿ ಬಾಯಿಂದ ಬಾಯಿಗೆ ಹಬ್ಬುತ್ತ ಬೆಳೆದಿತ್ತು. ಅಷ್ಟರಲ್ಲಿ ಶೋರ್ ನಿಜವಾಗಿಯೂ ಅದನ್ನು ಬಿಡಿಸಿಬಿಟ್ಟಿದ್ದರು!

ಇದೇಕೆ ಜಗತ್ತನ್ನು ಅಲುಗಿಸಿತು? 1977ರಲ್ಲಿ ಎಂಐಟಿಯ ರಿವೆಸ್ಟ್, ಶಮೀರ್, ಆಡಲ್ಮನ್ ಕಟ್ಟಿದ ಆರ್‌ಎಸ್‌ಎ ಎಂಬ ಗುಪ್ತಲಿಪಿ ನಿಂತಿರುವುದೇ ದೊಡ್ಡ ಸಂಖ್ಯೆಯನ್ನು ಒಡೆಯಲು ಬಾರದು ಎಂಬ ನಂಬಿಕೆಯ ಮೇಲೆ. ಆ ವರ್ಷ ಅವರು ಸವಾಲಾಗಿ ಕೊಟ್ಟ 129 ಅಂಕಿಗಳ ಸಂಖ್ಯೆಯೊಂದು ಒಡೆದದ್ದು 1994ರ ಏಪ್ರಿಲ್‌ನಲ್ಲಿ. ಅದಕ್ಕೆ ಸುಮಾರು 600 ಸ್ವಯಂಸೇವಕರು, 1,600 ಕಂಪ್ಯೂಟರುಗಳು, ಎಂಟು ತಿಂಗಳ ದುಡಿಮೆ ಬೇಕಾಯಿತು. ಒಂದೇ ವರ್ಷದಲ್ಲಿ ಹಳೆಯ ದಾರಿಯ ಮಹಾಸಾಹಸವೂ ಮುಗಿಯಿತು, ಹೊಸ ದಾರಿಯೂ ತೆರೆಯಿತು! ಇಂದು ಬಳಕೆಯಲ್ಲಿರುವ ಇಂಥ ಬೀಗಗಳು ಸಾಮಾನ್ಯವಾಗಿ 617 ಅಂಕಿಗಳವು. 2025ರಲ್ಲಿ ಗೂಗಲ್‌ನ ಕ್ರೇಗ್ ಗಿಡ್ನಿ ಹಾಕಿದ ಅಂದಾಜಿನಂತೆ, ಅಂಥದ್ದನ್ನು ಒಡೆಯಲು ಹತ್ತು ಲಕ್ಷಕ್ಕಿಂತ ಕಡಿಮೆ ಕ್ಯೂಬಿಟ್ಟುಗಳು ಒಂದು ವಾರದೊಳಗಿನ ಕೆಲಸಕ್ಕೆ ಸಾಕು. ಅಂಥ ಯಂತ್ರ ಇನ್ನೂ ಇಲ್ಲ. ಆದರೂ ಅಮೆರಿಕದ ಮಾನಕ ಸಂಸ್ಥೆ ಕ್ವಾಂಟಮ್ ಯಂತ್ರಕ್ಕೂ ಬಗ್ಗದ ಹೊಸ ಬೀಗಗಳ ಮಾನಕಗಳನ್ನು 2024ರ ಆಗಸ್ಟ್‌ನಲ್ಲಿ ಹೊರಡಿಸಿಯಾಗಿದೆ. ಜಗತ್ತು ಬೀಗ ಬದಲಾಯಿಸುತ್ತಿದೆ.

ಶೋರ್ ಅವರ ಉಪಾಯ ಬಂದ ಎರಡು ವರ್ಷಕ್ಕೆ, 1996ರಲ್ಲಿ, ಅದೇ ಬೆಲ್ ಲ್ಯಾಬ್ಸ್‌ನಿಂದ ಇನ್ನೊಂದು ಮಿಂಚು! ದೆಹಲಿ ಐಐಟಿಯಲ್ಲಿ ಓದಿದ ಲವ್ ಗ್ರೋವರ್, ಕ್ರಮವಿಲ್ಲದ ರಾಶಿಯಲ್ಲಿ ಹುಡುಕುವ ವಿಧಾನ ಕೊಟ್ಟರು. ಹತ್ತು ಲಕ್ಷ ಹೆಸರುಗಳಲ್ಲಿ ಒಂದನ್ನು ಹುಡುಕಲು ಸರಾಸರಿ ಐದು ಲಕ್ಷ ಸಲ ನೋಡಬೇಕಾದಲ್ಲಿ, ಇಲ್ಲಿ ಸಾವಿರಕ್ಕಿಂತ ಕಡಿಮೆ ಹೆಜ್ಜೆ ಸಾಕು. ಅವರ ಉಪಾಯವೇನು ಗೊತ್ತೇ? ಬೇಕಾದ ಉತ್ತರದ ಆಂಪ್ಲಿಟ್ಯೂಡಿಗೆ ಒಂದು ಮೈನಸ್ ಚಿಹ್ನೆ ಅಂಟಿಸುವುದು! ಆಮೇಲೆ ಪ್ರತಿಯೊಂದು ಆಂಪ್ಲಿಟ್ಯೂಡನ್ನೂ ಸರಾಸರಿಯ ಇನ್ನೊಂದು ಬದಿಗೆ ಮಗುಚುವುದು. ಸರಿಯಾದಷ್ಟು ಸಲ ಹೀಗೆ ಮಾಡುತ್ತ ಹೋದರೆ ಬೇಕಾದದ್ದು ಮೇಲೇಳುತ್ತದೆ, ಉಳಿದವು ಕುಗ್ಗುತ್ತವೆ.

ಅಂತರಿಕ್ಷಕ್ಕಿಂತ ತಣ್ಣನೆಯ ಜಾಗ

ಇಷ್ಟು ನಾಜೂಕಾದ ಚಿಹ್ನೆಗಳನ್ನು ಹೊತ್ತುಕೊಳ್ಳುವ ವಸ್ತು ಯಾವುದು? ಅದಕ್ಕೂ ಒಂದು ಕಥೆ. 1962ರಲ್ಲಿ ಕೇಂಬ್ರಿಜ್‌ನ ಬ್ರಯನ್ ಜೋಸೆಫ್‌ಸನ್ ಎಂಬ ಇಪ್ಪತ್ತೆರಡರ ವಿದ್ಯಾರ್ಥಿ, ವಿದ್ಯುತ್ತನ್ನು ತಡೆಯಿಲ್ಲದೆ ಹರಿಸುವ ಎರಡು ಅತಿವಾಹಕಗಳ ನಡುವೆ ತೀರಾ ತೆಳುವಾದ ನಿರೋಧಕ ಪದರವಿದ್ದರೂ ಎಲೆಕ್ಟ್ರಾನ್ ಜೋಡಿಗಳು ಅದನ್ನು ತೂರಿ ಹೋಗುತ್ತವೆಂದು ಲೆಕ್ಕ ಹಾಕಿ ಹೇಳಿದರು. 1984–85ರಲ್ಲಿ ಬರ್ಕ್ಲಿಯಲ್ಲಿ ಜಾನ್ ಕ್ಲಾರ್ಕ್, ಮಿಶೆಲ್ ಡೆವೊರೆ, ಜಾನ್ ಮಾರ್ಟಿನಿಸ್ ಅಂಥ ಸಂಧಿಯಿದ್ದ ವಿದ್ಯುತ್ ಮಂಡಲವೊಂದನ್ನು ಕಟ್ಟಿ, ಕೋಟಿ ಕೋಟಿ ಎಲೆಕ್ಟ್ರಾನುಗಳ ಆ ಇಡೀ ಮಂಡಲವೇ ಒಂದು ಪರಮಾಣುವಿನಂತೆ ಕ್ವಾಂಟಮ್ ನಿಯಮಕ್ಕೆ ತಲೆಬಾಗುವುದನ್ನು ತೋರಿಸಿದರು. ಕೈಯಲ್ಲಿ ಹಿಡಿಯಬಹುದಾದ ಚಿಪ್ಪಿನ ಮೇಲೆ ಮನುಷ್ಯ ಕಟ್ಟಿದ ಕೃತಕ ಪರಮಾಣು! 2025ರ ಭೌತವಿಜ್ಞಾನ ನೊಬೆಲ್ ಈ ಮೂವರಿಗೆ ಸಂದಿತು. ಇಂದಿನ ಗೂಗಲ್, ಐಬಿಎಂ ಯಂತ್ರಗಳ ಕ್ಯೂಬಿಟ್ಟುಗಳು ಈ ವಂಶದವು. ಅಲ್ಯೂಮಿನಿಯಂ, ನಡುವೆ ಅದರದೇ ಆಕ್ಸೈಡಿನ ಪದರ, ಮತ್ತೆ ಅಲ್ಯೂಮಿನಿಯಂ.

ಈ ಚಿಪ್ಪನ್ನು ಇಡುವ ಜಾಗ ಇನ್ನೂ ಬೆರಗಿನದು. ಬಂಗಾರದ ಲೇಪದ ತಾಮ್ರದ ತಟ್ಟೆಗಳು ಒಂದರ ಕೆಳಗೊಂದು ಇಳಿಬಿದ್ದ ಶೈತ್ಯಯಂತ್ರ. ಹೀಲಿಯಂನ ಎರಡು ಬಗೆಗಳನ್ನು, ಹೀಲಿಯಂ-3 ಮತ್ತು ಹೀಲಿಯಂ-4ನ್ನು, ಬೆರೆಸಿ ಶಾಖ ಹೀರುತ್ತ ಹೀರುತ್ತ ಅತಿ ಕೆಳಗಿನ ತಟ್ಟೆ ಒಂದು ಕೆಲ್ವಿನ್‌ನ ನೂರನೇ ಒಂದು ಭಾಗಕ್ಕೆ ಬರುತ್ತದೆ. ನಕ್ಷತ್ರಗಳ ನಡುವಿನ ಖಾಲಿ ಅಂತರಿಕ್ಷವೂ ಸುಮಾರು 2.7 ಕೆಲ್ವಿನ್, ಅದಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ತಣ್ಣಗಿನ ಬಿಂದು ಭೂಮಿಯ ಮೇಲೆ, ಒಂದು ಕೋಣೆಯೊಳಗೆ! ಇಷ್ಟು ಚಳಿ ಏಕೆ? ಒಂದು ಶಾಖದ ಕಣ ಬಂದು ತಾಗಿದರೂ ಕ್ಯೂಬಿಟ್ಟಿನ ಫೇಸ್ ಕದಡುತ್ತದೆ, ಮೈನಸ್ ಯಾವುದು ಪ್ಲಸ್ ಯಾವುದೆಂದು ತಿಳಿಯದಾಗುತ್ತದೆ. ಆಗ ಅಳಿಸಬೇಕಾದ್ದು ಅಳಿಸುವುದಿಲ್ಲ. ಇದೊಂದೇ ದಾರಿಯೂ ಅಲ್ಲ: ಒಂಟಿ ಅಯಾನುಗಳನ್ನು ವಿದ್ಯುತ್ ಕ್ಷೇತ್ರದಲ್ಲಿ ತೇಲಿಸಿ ಲೇಸರಿನಿಂದ ನಡೆಸುವವರಿದ್ದಾರೆ; ಲೇಸರ್ ಕಿರಣಗಳಲ್ಲೇ ಒಂದೊಂದು ಪರಮಾಣುವನ್ನು ಹಿಡಿದು ಸಾಲಾಗಿ ಕೂರಿಸುವವರಿದ್ದಾರೆ.

ನೋಡದೆ ತಪ್ಪು ಹಿಡಿಯುವ ವಿದ್ಯೆ

ಎಷ್ಟು ಕಾಪಾಡಿದರೂ ತಪ್ಪುಗಳು ನುಸುಳುತ್ತವೆ. ಇಂದಿನ ಒಳ್ಳೆಯ ಯಂತ್ರಗಳಲ್ಲೂ ಸರಿಸುಮಾರು ಸಾವಿರ ಕ್ರಿಯೆಗೊಂದು ತಪ್ಪು. ದೊಡ್ಡ ಲೆಕ್ಕಕ್ಕೆ ಬೇಕಾದ್ದು ಕೋಟಿಗಟ್ಟಲೆ ಕ್ರಿಯೆಗಳಲ್ಲಿ ಒಂದೂ ತಪ್ಪಿಲ್ಲದ ಓಟ. ಸಾಮಾನ್ಯ ಕಂಪ್ಯೂಟರಿನಲ್ಲಾದರೆ ಒಂದೇ ಮಾಹಿತಿಯ ಮೂರು ನಕಲು ಇಟ್ಟು ಹೋಲಿಸಿ ನೋಡಬಹುದು. ಇಲ್ಲಿ ಅದೂ ಸಾಧ್ಯವಿಲ್ಲ. ಗೊತ್ತಿಲ್ಲದ ಕ್ವಾಂಟಮ್ ಸ್ಥಿತಿಯನ್ನು ನಕಲು ಮಾಡಲು ಪ್ರಕೃತಿಯೇ ಬಿಡುವುದಿಲ್ಲವೆಂದು 1982ರಲ್ಲಿ ಸಾಬೀತಾಗಿದೆ. ನೋಡೋಣವೆಂದರೆ, ನೋಡಿದರೆ ಹಾಳು! ನಕಲು ಮಾಡುವಂತಿಲ್ಲ, ನೋಡುವಂತಿಲ್ಲ, ತಪ್ಪು ತಿದ್ದಬೇಕು! ಹಲವರು ಇಲ್ಲಿಗೇ ಕಥೆ ಮುಗಿಯಿತೆಂದುಕೊಂಡರು.

1995ರಲ್ಲಿ ಮತ್ತೆ ಅದೇ ಪೀಟರ್ ಶೋರ್ ಬಂದರು. ಒಂದು ಕ್ಯೂಬಿಟ್ಟಿನ ಮಾಹಿತಿಯನ್ನು ಒಂಬತ್ತರಲ್ಲಿ ಹೆಣೆದು ಹರಡಿದರು. ಆಮೇಲೆ ‘ನೀನು 0 ಆಗಿದ್ದೀಯಾ, 1 ಆಗಿದ್ದೀಯಾ’ ಎಂದು ಯಾವ ಕ್ಯೂಬಿಟ್ಟನ್ನೂ ಕೇಳುವುದಿಲ್ಲ. ‘ನೀನೂ ನಿನ್ನ ಪಕ್ಕದವನೂ ಒಂದೇ ಥರ ಇದ್ದೀರಾ’ ಎಂದಷ್ಟೇ ಕೇಳುತ್ತಾರೆ. ಹೊಂದಾಣಿಕೆ ಎಲ್ಲಿ ತಪ್ಪಿದೆಯೆಂದು ಗೊತ್ತಾಗುತ್ತದೆ, ಒಳಗಿನ ಮಾಹಿತಿ ಮಾತ್ರ ಯಾರ ಕಣ್ಣಿಗೂ ಬೀಳದೆ ಉಳಿಯುತ್ತದೆ! ಇದಕ್ಕಿಂತ ಸುಂದರ ಉಪಾಯವನ್ನು ವಿಜ್ಞಾನದಲ್ಲಿ ನಾನು ಕಂಡಿಲ್ಲ. 2024ರ ಡಿಸೆಂಬರ್‌ನಲ್ಲಿ ಗೂಗಲ್‌ನ 105 ಕ್ಯೂಬಿಟ್ಟುಗಳ ವಿಲೋ ಚಿಪ್ ಇದೇ ಹಾದಿಯ ಮುಂದುವರಿಕೆಯಲ್ಲಿ ಒಂದು ಮೈಲಿಗಲ್ಲು ನೆಟ್ಟಿತು. ಕ್ಯೂಬಿಟ್ಟುಗಳ ಚೌಕವನ್ನು ಮೂರು ಸಾಲಿನಿಂದ ಐದಕ್ಕೆ, ಐದರಿಂದ ಏಳಕ್ಕೆ ಹಿಗ್ಗಿಸಿದಾಗ ಪ್ರತಿಸಲವೂ ತಪ್ಪಿನ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯಿತು. ಯಂತ್ರ ದೊಡ್ಡದಾದಷ್ಟೂ ತಪ್ಪು ಹೆಚ್ಚುತ್ತಿದ್ದ ಕಾಲ ಹೋಗಿ, ದೊಡ್ಡದಾದಷ್ಟೂ ತಪ್ಪು ಕಡಿಮೆಯಾಗುವ ಕಾಲ ಬಂತು!

ತೊಗರಿಯ ಬೇರಿಗೆ ಗೊತ್ತು, ನಮಗೆ ಗೊತ್ತಿಲ್ಲ

ಇದೆಲ್ಲ ಯಾತಕ್ಕೆ? ಕಲಬುರಗಿಯ ತೊಗರಿ ಹೊಲಕ್ಕೆ ಹೋಗಿ ಒಂದು ಗಿಡ ಕಿತ್ತು ನೋಡಿ. ಬೇರಿನಲ್ಲಿ ಸಣ್ಣ ಸಣ್ಣ ಗಂಟುಗಳಿರುತ್ತವೆ. ಅವುಗಳೊಳಗಿನ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದು, ಹೊಲದ ಸಾಮಾನ್ಯ ಬಿಸಿಲಿನಲ್ಲೇ ಗೊಬ್ಬರವಾಗಿಸುತ್ತವೆ. ಅದೇ ಕೆಲಸಕ್ಕೆ ಕಾರ್ಖಾನೆಯಲ್ಲಿ 400 ಡಿಗ್ರಿ ಸೆಲ್ಸಿಯಸ್ ದಾಟಿದ ಶಾಖ, ಗಾಳಿಯ ಒತ್ತಡದ ನೂರಾರು ಪಟ್ಟು ಒತ್ತಡ ಬೇಕು. ಜಗತ್ತಿನ ಶಕ್ತಿಯ ಶೇಕಡಾ 1ರಿಂದ 2ರಷ್ಟು ಅದಕ್ಕೇ ಹೋಗುತ್ತದೆ. ಬ್ಯಾಕ್ಟೀರಿಯಾದ ಕಿಣ್ವದ ನಡುಮಧ್ಯೆ ಏಳು ಕಬ್ಬಿಣ, ಒಂದು ಮಾಲಿಬ್ಡಿನಂ, ಒಂಬತ್ತು ಗಂಧಕ, ಒಂದು ಇಂಗಾಲದ ಪರಮಾಣುಗಳ ಪುಟ್ಟ ಗೊಂಚಲಿದೆ. ಅದರ ಎಲೆಕ್ಟ್ರಾನುಗಳು ಎಷ್ಟು ಹೆಣೆದುಕೊಂಡಿವೆಯೆಂದರೆ, ಅದು ಕೆಲಸ ಮಾಡುವ ಬಗೆಯನ್ನು ಪೂರಾ ಲೆಕ್ಕ ಹಾಕಲು ಸೂಪರ್ ಕಂಪ್ಯೂಟರುಗಳೂ ಒದ್ದಾಡುತ್ತವೆ. ಫೈನ್‌ಮನ್ ಹೇಳಿದ ಯಂತ್ರ ಬೇಕಾಗಿರುವುದು ಇಂಥ ಲೆಕ್ಕಕ್ಕೆ! ಔಷಧಗಳ ಅಣುಗಳು, ಬ್ಯಾಟರಿಯ ವಸ್ತುಗಳು, ಎಲ್ಲವೂ ಇದೇ ಸಾಲಿನಲ್ಲಿ ಕಾಯುತ್ತಿವೆ. ನಮ್ಮ ಫೋನಿನ ಜಾಗಕ್ಕೆ ಈ ಯಂತ್ರ ಬರುವುದಿಲ್ಲ, ವಿಡಿಯೊ ಬೇಗ ಓಡಿಸುವುದೂ ಇಲ್ಲ. ವ್ಯತಿಕರಣಕ್ಕೆ ಒಗ್ಗುವ ಒಳವಿನ್ಯಾಸವಿರುವ ಲೆಕ್ಕಗಳಲ್ಲಿ ಮಾತ್ರ ಅದರ ಬಲ.

ಅಂಥ ಯಂತ್ರ ಕಟ್ಟುವ ಕೆಲಸದಲ್ಲಿ ಕರ್ನಾಟಕ ನಟ್ಟನಡುವೆ ನಿಂತಿದೆ. 2023ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ 6,003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಎಂಟು ವರ್ಷಗಳಲ್ಲಿ 50ರಿಂದ 1,000 ಕ್ಯೂಬಿಟ್ಟುಗಳ ಯಂತ್ರಗಳು ಅದರ ಗುರಿ. ಅದರ ನಾಲ್ಕು ಕೇಂದ್ರಗಳಲ್ಲಿ ಕಂಪ್ಯೂಟಿಂಗ್‌ನದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. 2025ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಕ್ಯುಪಿಎಐ ಕಂಪನಿ 25 ಕ್ಯೂಬಿಟ್ಟುಗಳ ‘ಇಂಡಸ್’ ಯಂತ್ರವನ್ನು ಹೊರತಂದಿತು.

ನಿಮಗೆ ಶುರು ಮಾಡಲು ಇದಾವುದೂ ಹತ್ತಿರ ಇರಬೇಕಿಲ್ಲ. ಮೊದಲ ಪಿಯುಸಿಯ ಸಂಕೀರ್ಣ ಸಂಖ್ಯೆಗಳು, ಎರಡನೇ ಪಿಯುಸಿಯ ಮ್ಯಾಟ್ರಿಕ್ಸ್, ಒಂದಿಷ್ಟು ಸಂಭವನೀಯತೆ ಗೊತ್ತಿದ್ದರೆ ಕ್ಯೂಬಿಟ್ಟಿನ ಗಣಿತಕ್ಕೆ ಅಡಿಪಾಯ ಸಿಕ್ಕಂತೆ. ಐಬಿಎಂ 2016ರ ಮೇ ತಿಂಗಳಲ್ಲಿ ಐದು ಕ್ಯೂಬಿಟ್ಟುಗಳ ಯಂತ್ರವನ್ನು ಇಂಟರ್ನೆಟ್ಟಿನ ಮೂಲಕ ಎಲ್ಲರಿಗೂ ಬಿಟ್ಟುಕೊಟ್ಟಿತು. ಅಲ್ಲಿಂದೀಚೆಗೆ ಹಳ್ಳಿಯ ಕಾಲೇಜಿನಲ್ಲಿ ಕೂತು ಹ್ಯಾಡಮಾರ್ಡ್ ಗೇಟನ್ನು ನಿಜವಾದ ಕ್ಯೂಬಿಟ್ಟಿನ ಮೇಲೆ ಎರಡು ಸಲ ಓಡಿಸಿ ನೋಡಬಹುದು. ಉತ್ತರ ಹೆಚ್ಚುಕಡಿಮೆ ಯಾವಾಗಲೂ 0 ಬರುತ್ತದೆ. ಅಲ್ಲೊಂದು ಇಲ್ಲೊಂದು ಬರುವ 1 ಯಂತ್ರದ ತಪ್ಪು.

ಮತ್ತೆ, ಎಲ್ಲಕ್ಕಿಂತ ದೊಡ್ಡ ಸಂಗತಿ: ಶೋರ್, ಗ್ರೋವರ್ ಅವರಂಥ ಮೂಲಭೂತ ಉಪಾಯಗಳು ಮೂವತ್ತು ವರ್ಷಗಳ ನಂತರವೂ ಬೆರಳೆಣಿಕೆಯಷ್ಟೇ ಇವೆ. ಸಾಧ್ಯತೆಗಳನ್ನು ಅಳಿಸಬಲ್ಲ ಯಂತ್ರ ಸಿದ್ಧವಾಗುತ್ತಿದೆ, ಯಾವ ಯಾವ ಲೆಕ್ಕದಲ್ಲಿ ಏನನ್ನು ಅಳಿಸಬೇಕೆಂದು ಹೇಳುವವರು ಸಾಲದು. ಪಂಚರತ್ನಂ ಅವರಿಗೆ ಇಪ್ಪತ್ತೆರಡು, ಜೋಸೆಫ್‌ಸನ್‌ಗೂ ಇಪ್ಪತ್ತೆರಡು. ಇದನ್ನು ಓದುತ್ತಿರುವ ನಿಮಗೋ ನಿಮ್ಮ ಮಕ್ಕಳಿಗೋ ಆ ವಯಸ್ಸಿನ ಆಸುಪಾಸು ಇದ್ದರೆ, ಮ್ಯಾಟ್ರಿಕ್ಸ್ ಅಧ್ಯಾಯವನ್ನು ಪರೀಕ್ಷೆಗೆಂದು ಓದಿ ಮುಚ್ಚಿಡಬೇಡಿ. ಹೊಸ ಅಲ್ಗಾರಿದಂ ಹುಡುಕಲು ಬೇಕಾದ ಮೊದಲ ಉಪಕರಣ ಅದೇ, ಈಗಾಗಲೇ ನಿಮ್ಮ ಮನೆಯಲ್ಲಿದೆ.